ಅಪ್‌ಡೇಟ್: ಅಮ್ಮನಿಗೆ ಹಾಸಿಗೆ ತಂದಾಯ್ತು

ಸೊಂಟನೋವಿರುವ ಅಮ್ಮನಿಗೆ ಮೆಮೊರಿ ಫೋಮ್ ಒಳ್ಳೆಯದೋ ತೆಂಗಿನ ನಾರಿನದ್ದೋ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನಮ್ಮದು ಮಂಗಳೂರು, ಮನೆಯಲ್ಲಿ ಎಸಿ ಇಲ್ಲ.

ಅಮ್ಮನನ್ನೇ ಅಂಗಡಿಗೆ ಕರ್ಕೊಂಡು ಹೋಗಿ ಅಂದಿರಲ್ಲ, ಅದೇ ಎಲ್ಲಕ್ಕಿಂತ ಒಳ್ಳೆಯ ಸಲಹೆ. ಕೈಯಲ್ಲಿ ಒತ್ತಿ ನೋಡಿದಾಗ ನನಗೆ ಮೆಮೊರಿ ಫೋಮ್ ಬಹಳ ಇಷ್ಟವಾಗಿತ್ತು. ಆದರೆ ಅದು ಮೈಶಾಖಕ್ಕೆ ಮೆತ್ತಗಾಗಿ ದೇಹವನ್ನು ಒಳಗೆ ಇಳಿಸಿಕೊಳ್ಳುತ್ತದೆ. ಅಮ್ಮನಿಗೆ ಮಗ್ಗುಲು ಬದಲಿಸುವುದೇ ಕಷ್ಟವಾಯಿತು. ಬರೀ ನಾರಿನದ್ದು ಭುಜಕ್ಕೆ ಒತ್ತಿತು. ಕೊನೆಗೆ ಕೆಳಗೆ ರಬ್ಬರ್ ಸೇರಿಸಿದ ನಾರು, ಮೇಲೆ ಲೇಟೆಕ್ಸ್ (ರಬ್ಬರಿನ ಮೆತ್ತನೆಯ ಫೋಮ್) ಪದರ ಇರುವ 6 ಇಂಚು ದಪ್ಪದ್ದು ತಗೊಂಡೆವು. ನಾರಿನೊಳಗೆ ಗಾಳಿಯಾಡುತ್ತದೆ, ನಮ್ಮ ಸೆಕೆಗೆ ಅದು ಬೇಕೇ ಬೇಕು.

8 ಇಂಚಿನದ್ದನ್ನು ಬೇಡವೆಂದದ್ದು ಮಂಚದ ಎತ್ತರ ನೋಡಿ. ಅಂಚಿನಲ್ಲಿ ಕೂತಾಗ ಅಮ್ಮನ ಪಾದ ನೆಲಕ್ಕೆ ಪೂರ್ತಿ ತಾಗಬೇಕಿತ್ತು. ವಯಸ್ಸಾದವರಿಗೆ ಕೊಳ್ಳುವವರು ದಯವಿಟ್ಟು ಇದನ್ನು ಮರೆಯಬೇಡಿ. ಆಚಾರಿ ಮಾಡಿದ ಮಂಚವಾದರೆ ಚೌಕಟ್ಟಿನ ಒಳಅಳತೆಯನ್ನೂ ಬರೆದುಕೊಂಡು ಹೋಗಿ.

ಈಗ ಅಮ್ಮ ಬೆಳಿಗ್ಗೆ ಯಾರ ಕೈಯನ್ನೂ ಹಿಡಿಯದೆ ಏಳುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಡಾಕ್ಟರು ಹೇಳಿದ ವ್ಯಾಯಾಮ ನಡೀತಾ ಇದೆ. ಹೊಸ ಹಾಸಿಗೆಯ ವಾಸನೆ ಬಗ್ಗೆ ಕೇಳಿದವರಿಗೆ: ಕಿಟಕಿ ತೆರೆದಿಟ್ಟೆವು, ಹೋಯಿತು. ಲೇಟೆಕ್ಸನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಹಾಳಾಗುತ್ತದೆ.