ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೊಂಡ್ರೆ ಗೇರ್‌ಬಾಕ್ಸ್ ಖರ್ಚು ನಿಜವಾಗಲೂ ಅಷ್ಟು ಬರುತ್ತಾ?

ಚಾರ್ಮಾಡಿ_ಕೆಳಗಿನವಳು
ನಮಸ್ಕಾರ. ಮನೆ ನಾಗರಬಾವಿ, ಆಫೀಸು ಮಾರತ್‌ಹಳ್ಳಿ, ಇಷ್ಟು ಹೇಳಿದರೆ ಬೆಂಗಳೂರಿನವರಿಗೆ ನನ್ನ ಪಾಡು ಗೊತ್ತಾಗುತ್ತದೆ. ದಿನಕ್ಕೆ ಮೂರು ಗಂಟೆ ಕ್ಲಚ್ ತುಳಿದು ತುಳಿದು ಎಡ ಮಂಡಿ ಹಿಡಿದುಕೊಂಡಿದೆ. ಬಜೆಟ್ 6 ಲಕ್ಷ, ಹಾಗಾಗಿ ಹಳೇ ಕಾರೇ ಗತಿ. 2018ರ ಆಸುಪಾಸಿನ ಮೂರು ಕಾರು ನೋಡಿಟ್ಟಿದ್ದೇನೆ. ಮೂರೂ ಆಟೋಮ್ಯಾಟಿಕ್ಕೇ, ಗೇರ್‌ಬಾಕ್ಸ್ ಮಾತ್ರ ಬೇರೆ ಬೇರೆ: ಒಂದು ಎಎಂಟಿ, ಒಂದು ಸಿವಿಟಿ, ಇನ್ನೊಂದು ಡ್ಯುಯಲ್ ಕ್ಲಚ್. ಮಾವ ಮಾತ್ರ "ಮ್ಯಾನುಯಲ್ ಕೆಟ್ಟರೆ ಸಾವಿರದ ಲೆಕ್ಕ, ಆಟೋಮ್ಯಾಟಿಕ್ ಕೆಟ್ಟರೆ ಲಕ್ಷದ ಲೆಕ್ಕ" ಅಂತ ದಿನಾ ಹೆದರಿಸುತ್ತಾರೆ. ವರ್ಷಕ್ಕೆ ಮೂರ್ನಾಲ್ಕು ಸಲ ಉಜಿರೆಗೆ ಘಾಟಿ ಇಳಿದು ಹತ್ತುವುದೂ ಇದೆ. ಕೈಯಿಂದ ದುಡ್ಡು ಕೊಟ್ಟವರು ಹೇಳಿ, ಎಷ್ಟು ಬಂತು?

ಹಾಫ್_ಕ್ಲಚ್
ಮ್ಯಾನುಯಲ್ ಲೆಕ್ಕ ನನ್ನದು ಬರೆದುಕೊಳ್ಳಿ. ಪೆಟ್ರೋಲ್ ಹ್ಯಾಚ್‌ಬ್ಯಾಕ್, 62,000 ಕಿ.ಮೀ.ಗೆ ಕ್ಲಚ್ ಜಾರೋಕೆ ಶುರುವಾಯಿತು. ಮನೆ ಹತ್ತಿರದ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಸೇರಿ 3,900, ಬೇರಿಂಗ್ 750, ಗೇರ್ ಆಯಿಲ್ 700, ಗೇರ್‌ಬಾಕ್ಸ್ ಇಳಿಸಿ ಹತ್ತಿಸಿದ ಲೇಬರ್ 2,800. ಒಟ್ಟು 8,150. ಬೆಳಿಗ್ಗೆ ಬಿಟ್ಟೆ, ಸಂಜೆ ತಂದೆ. ಸ್ಪೇರ್ ಜೆ.ಸಿ. ರಸ್ತೆಯಿಂದ ನಾನೇ ತಂದುಕೊಟ್ಟಿದ್ದೆ, ಅದರಲ್ಲಿ ಸ್ವಲ್ಪ ಉಳೀತು. ನಿಮ್ಮ ಮಾವ ಹೇಳಿದ್ದು ಸರಿ ಮೇಡಂ.

ಗ್ಯಾರೇಜ್_ಮನುಷ್ಯ
ಮಾವ ಹೇಳಿದ್ದು ಅರ್ಧ ಸರಿ. ಆಟೋಮ್ಯಾಟಿಕ್ ಅಂತ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ, ಬಿಚ್ಚಿದರೆ ಒಳಗೆ ಜಾತಿಯೇ ಬೇರೆ.

ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ನಿಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ. 2014ರಲ್ಲಿ ಸೆಲೆರಿಯೋದಲ್ಲಿ ಮೊದಲು ಬಂದಾಗ ನಾವೂ ಮುಟ್ಟೋಕೆ ಹೆದರಿದ್ದೆವು, ಈಗ ವಾರಕ್ಕೊಂದು ಇಳಿಸುತ್ತೇವೆ. ಕ್ಲಚ್ ಸವೆದರೆ ಮೇಲಿನವರ ಬಿಲ್ಲಿಗಿಂತ ಎರಡು ಮೂರು ಸಾವಿರ ಜಾಸ್ತಿ ಇಟ್ಟುಕೊಳ್ಳಿ, ಯಾಕೆಂದರೆ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಸ್ಕ್ಯಾನರ್ ಹಾಕಿ ಗಾಡಿಗೆ ಕಲಿಸಬೇಕು. ಆಕ್ಚುಯೇಟರೇ ಹೋದರೆ ಮಾತ್ರ ಹತ್ತಾರು ಸಾವಿರ.

ಸಿವಿಟಿಯಲ್ಲಿ ಗೇರೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಸ್ಟೀಲ್ ಬೆಲ್ಟ್. ಅದರ ಆಯಸ್ಸೆಲ್ಲ ಆಯಿಲ್ಲಿನಲ್ಲಿದೆ. ಆಯಿಲ್ ಹಳೇದಾದರೆ, ಅಥವಾ ಯಾರೋ ಸಿಕ್ಕಿದ ಆಯಿಲ್ ಸುರಿದಿದ್ದರೆ ಬೆಲ್ಟ್ ಜಾರುತ್ತದೆ, ಜಾರಿದರೆ ಪುಲ್ಲಿ ಮೇಲೆ ಗೀರು ಬೀಳುತ್ತದೆ. ಗೀರು ಬಿತ್ತೋ, ಮುಗೀತು. ನನ್ನಂಥವನು ಬಿಚ್ಚಿ ಸರಿ ಮಾಡುವಂಥದ್ದು ಅಲ್ಲೇನೂ ಇಲ್ಲ, ಇಡೀ ಗೇರ್‌ಬಾಕ್ಸೇ ಬದಲಾಯಿಸಬೇಕು, ಲಕ್ಷದ ಮೇಲೆ.

ಡ್ಯುಯಲ್ ಕ್ಲಚ್ ಅಂದರೆ ಒಳಗೆ ಎರಡು ಕ್ಲಚ್, ಓಡಿಸೋಕೆ ಬಲು ಚೆಂದ. ಆದರೆ ಅದರಲ್ಲಿ ಡ್ರೈ ಕ್ಲಚ್, ಅಂದರೆ ಆಯಿಲ್‌ನಲ್ಲಿ ಮುಳುಗಿರದ ಕ್ಲಚ್ ಇದ್ದರೆ ನಿಮ್ಮ ರೂಟಿಗೆ ಬೇಡ. ಟ್ರಾಫಿಕ್‌ನಲ್ಲಿ ಬ್ರೇಕ್ ಅರೆಬರೆ ಬಿಟ್ಟು ತೆವಳಿಸುತ್ತೀರಲ್ಲ, ಆಗೆಲ್ಲ ಒಳಗೆ ಕಂಪ್ಯೂಟರ್ ಹಾಫ್ ಕ್ಲಚ್ ಮಾಡುತ್ತಾ ಕೂತಿರುತ್ತದೆ. ಹೋದ ತಿಂಗಳು ಒಬ್ಬರು ಶೋರೂಂ ಎಸ್ಟಿಮೇಟ್ ಹಿಡಿದು ಬಂದರು, 1.9 ಲಕ್ಷ. ಗೇರ್ ಹಾಕುವ ಕಂಟ್ರೋಲ್ ಯೂನಿಟ್ ಒಂದೇ ಕೆಟ್ಟಿತ್ತು, ಅದನ್ನೇ ರಿಪೇರಿ ಮಾಡುವವರ ಹತ್ತಿರ ಕಳಿಸಿದೆ, 55,000ಕ್ಕೆ ಮುಗೀತು. ಎಲ್ಲರಿಗೂ ಹಾಗೆ ಆಗಲ್ಲ.

ಟಾರ್ಕ್ ಕನ್ವರ್ಟರ್ ಅಂತ ಇನ್ನೊಂದು ಜಾತಿ ಆಟೋಮ್ಯಾಟಿಕ್ ಇದೆ, ಅದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಿದ್ದೆ. ಅದರಲ್ಲಿ ಗಾಡಿ ಎತ್ತುವಾಗ ಎಳೆಯುವುದು ಆಯಿಲ್ಲೇ, ಸಿಗ್ನಲ್‌ನಲ್ಲಿ ಸುಡೋಕೆ ಕ್ಲಚ್ ಪ್ಲೇಟ್ ಇಲ್ಲ. ನಿಮ್ಮ ಬಜೆಟ್ಟಿಗೆ ಹುಡುಕಾಡಬೇಕಾಗುತ್ತದೆ.

ಎರಡೇ_ಪೆಡಲ್
ಸಿವಿಟಿ ಬಗ್ಗೆ ಸುಮ್ನೆ ಹೆದರಿಸಬೇಡಿ ಸಾರ್. ನನ್ನದು 1,08,000 ಕಿ.ಮೀ. ಆಗಿದೆ, ಗೇರ್‌ಬಾಕ್ಸ್‌ಗೆ ಅಂತ ಖರ್ಚು ಮಾಡಿದ್ದು ಎರಡು ಸಲ ಆಯಿಲ್ ಬದಲಾಯಿಸಿದ್ದು, ಸಲಕ್ಕೆ ಸುಮಾರು 6,500. ಅಂದರೆ 13,000. ಇಷ್ಟೇ ದೂರ ಇದೇ ಟ್ರಾಫಿಕ್‌ನಲ್ಲಿ ಓಡಿದ ನಮ್ಮ ಅಣ್ಣನ ಮ್ಯಾನುಯಲ್ ಎರಡು ಕ್ಲಚ್ ತಿಂದಿದೆ. ಲೆಕ್ಕ ಹಾಕಿ ನೋಡಿ, ಅವನದೇ ಜಾಸ್ತಿ!

ಗ್ಯಾರೇಜ್_ಮನುಷ್ಯ
ನೀವು ಆಯಿಲ್ ಬದಲಾಯಿಸಿದ್ದೀರಿ, ಅದಕ್ಕೇ ಓಡುತ್ತಿದೆ. ಅವರು ತಗೊಳ್ಳುವುದು ಇನ್ನೊಬ್ಬರು ಓಡಿಸಿದ ಗಾಡಿ, ಅಲ್ವಾ? ಬಿಲ್ ತೋರಿಸಿದರೆ ಸಿವಿಟಿ ಒಳ್ಳೆಯದೇ.

ಡೀಸೆಲ್_ದಾಸ
ಮ್ಯಾನುಯಲ್ ಅಂದರೆ ಎಂಟು ಸಾವಿರ ಅಂತ ನಂಬಿಕೊಂಡು ಯಾರೂ ದೊಡ್ಡ ಡೀಸೆಲ್ ಗಾಡಿ ತಗೋಬೇಡಿ. ನನ್ನದು ಡೀಸೆಲ್ ಎಸ್‌ಯುವಿ, ಮ್ಯಾನುಯಲ್ಲೇ. ಕ್ಲಚ್ ಜೊತೆ ಡ್ಯುಯಲ್ ಮಾಸ್ ಫ್ಲೈವೀಲೂ (ಫ್ಲೈವೀಲ್ ಅಂದರೆ ಕ್ಲಚ್ ಪ್ಲೇಟ್ ಒತ್ತಿ ಕೂರುವ, ಇಂಜಿನ್ ಕಡೆಯ ಭಾರದ ಚಕ್ರ; ಇದು ಎರಡು ಭಾಗದ್ದು) ಹೋಗಿತ್ತು, ಐಡ್ಲಿಂಗ್‌ನಲ್ಲಿ ಡಬ್ಬದೊಳಗೆ ಗೋಲಿ ಆಡಿಸಿದ ಹಾಗೆ ಸದ್ದು. ಬಿಲ್ 58,000. ಹೆಂಡತಿಗೆ 28 ಅಂತ ಹೇಳಿದ್ದೇನೆ.

ಚಾರ್ಮಾಡಿ_ಕೆಳಗಿನವಳು
ಎಲ್ಲರಿಗೂ ಥ್ಯಾಂಕ್ಸ್. ಡ್ಯುಯಲ್ ಕ್ಲಚ್ ಕೈಬಿಟ್ಟೆ. ಭಾನುವಾರ ಉಳಿದೆರಡನ್ನೂ ನೋಡೋಕೆ ಹೋಗುತ್ತೇನೆ. ಗೇರ್‌ಬಾಕ್ಸ್ ಚೆನ್ನಾಗಿದೆಯಾ ಅಂತ ನನ್ನಂಥವಳಿಗೆ ಗೊತ್ತಾಗೋದು ಹೇಗೆ?

ಗ್ಯಾರೇಜ್_ಮನುಷ್ಯ
ಹೋಗುವ ಮೊದಲೇ ಫೋನ್ ಮಾಡಿ, ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ಬಿಸಿಯಾದ ಮೇಲೆ ಕೆಲವು ರೋಗ ಮುಚ್ಚಿಹೋಗುತ್ತದೆ, ಕೆಲವು ಬಿಸಿಯಾದ ಮೇಲೇ ಕಾಣುತ್ತದೆ, ಹಾಗಾಗಿ ಅರ್ಧ ಗಂಟೆಯಾದರೂ ಓಡಿಸಿ. ಬ್ರೇಕ್ ಒತ್ತಿ ಡಿ ಇಂದ ಆರ್‌ಗೆ ಹಾಕಿದಾಗ ಧಡ್ ಅನ್ನಬಾರದು. ಸಿವಿಟಿಯಾದರೆ 20–30 ಸ್ಪೀಡಲ್ಲಿ ನಡುಕ ಬರುತ್ತಾ ನೋಡಿ, ಆಯಿಲ್ ಬದಲಾಯಿಸಿದ ಬಿಲ್ ಕೇಳಿ. "ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ" ಅಂದರೆ ನಕ್ಕು ಎದ್ದು ಬನ್ನಿ. ಎಎಂಟಿಯಾದರೆ ಬೇಸ್‌ಮೆಂಟ್ ಪಾರ್ಕಿಂಗ್ ಏರು ಸಿಕ್ಕರೆ ರಿವರ್ಸ್‌ನಲ್ಲಿ ಹತ್ತಿಸಿ. ಕ್ಲಚ್ ಎಷ್ಟು ಉಳಿದಿದೆ ಅಂತ ಅಲ್ಲೇ ಹೇಳುತ್ತದೆ. ಇನ್ನೊಂದು, ಚಾರ್ಮಾಡಿಯಲ್ಲಿ ಗಾಡಿ ನಿಂತಾಗ ಆಕ್ಸಿಲರೇಟರ್ ಒತ್ತಿ ತಡೆದು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಎಎಂಟಿ ಕ್ಲಚ್ ಸುಟ್ಟುಕೊಂಡು ಬರುವವರಲ್ಲಿ ಮುಕ್ಕಾಲು ಜನ ಘಾಟಿಯವರೇ.

ಚಾರ್ಮಾಡಿ_ಕೆಳಗಿನವಳು
ಹೋಗಿ ಬಂದೆ. ಸಿವಿಟಿಯವರ ಹತ್ತಿರ 71,000 ಕಿ.ಮೀ.ಗೆ ಒಂದೂ ಆಯಿಲ್ ಬಿಲ್ ಇಲ್ಲ, ಕೇಳಿದ್ದಕ್ಕೆ ಆ ಮನುಷ್ಯ ಲೈಫ್‌ಟೈಮ್ ಅಂದೇಬಿಟ್ಟರು, ನಗು ತಡೆಯೋಕಾಗಲಿಲ್ಲ. ಎಎಂಟಿ 48,000 ಓಡಿದೆ. ಅಪಾರ್ಟ್‌ಮೆಂಟಿನ ಏರಿನಲ್ಲಿ ರಿವರ್ಸ್ ಹತ್ತಿಸಿದೆ, ಗಡಗಡ ನಡುಗಿ ಸುಟ್ಟ ವಾಸನೆ ಬಂತು. "ಎಎಂಟಿ ಅಂದ್ರೆ ಹಾಗೇ ಮೇಡಂ" ಅಂದರು. ಮೊಬೈಲಿನಲ್ಲಿ ಈ ಚರ್ಚೆ ತೆಗೆದು ತೋರಿಸಿದೆ. 14,000 ಇಳಿಸಿದ್ದಾರೆ, ಅಡ್ವಾನ್ಸ್ ಕೊಟ್ಟೆ. ಕ್ಲಚ್ ಹಾಕಿಸುವಾಗ ಫ್ಲೈವೀಲ್ ಕೂಡ ಬದಲಾಯಿಸಬೇಕಾ?

ಗ್ಯಾರೇಜ್_ಮನುಷ್ಯ
ಗೇರ್‌ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲ್ ನೀವೇ ನಿಂತು ನೋಡಿ. ಬರೀ ಗೀರು ಇದ್ದರೆ ಲೇತಿನವರ ಹತ್ತಿರ ಫೇಸಿಂಗ್, ಅಂದರೆ ಮೇಲ್ಮೈ ಸಮ ಮಾಡಿಸಿದರೆ ಸಾಕು, ಐನೂರು ಆರುನೂರು. ನೀಲಿ ಕಲೆ, ಸಣ್ಣ ಬಿರುಕು ಇದ್ದರೆ ಬದಲಾಯಿಸಿ. ಹಳೇ ಪ್ಲೇಟ್ ಕೇಳಿ ಮನೆಗೆ ತಗೊಂಡು ಹೋಗಿ, ಮಾವನಿಗೆ ತೋರಿಸಬಹುದು.