ಕಮಿಟ್ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ತಾನಾಗಿ ಸೇರಬೇಕಾದರೆ

ಕೋರಿಕೆ: ಕೋಡ್‌ನ ಬದಲಾವಣೆಗಳ ದಾಖಲೆ ಇಡಲು ನಾವು ಗಿಟ್ ಬಳಸುತ್ತೇವೆ. ಪ್ರತಿ ಕಮಿಟ್ (ದಾಖಲಾದ ಒಂದು ಬದಲಾವಣೆ) ಸಂದೇಶದಲ್ಲೂ ಟಿಕೆಟ್ ಸಂಖ್ಯೆ, ಅಂದರೆ ಕೆಲಸಗಳ ಪಟ್ಟಿ ಇಡುವ ಟ್ರ್ಯಾಕರ್‌ನಲ್ಲಿ ಆ ಕೆಲಸಕ್ಕಿರುವ ಸಂಖ್ಯೆ, ಇರಬೇಕೆಂಬ ನಿಯಮ ನಮ್ಮ ತಂಡದಲ್ಲಿದೆ. ಆದರೂ ಕೆಲವರು ಮರೆಯುತ್ತಾರೆ, ಇನ್ನು ಕೆಲವರು ಹಿಂದಿನ ಕೆಲಸದ ಸಂಖ್ಯೆಯನ್ನೇ ಬರೆದುಬಿಡುತ್ತಾರೆ. ಗಿಟ್‌ನಲ್ಲಿ ಇದನ್ನು ತಾನಾಗಿ ಸೇರಿಸುವ ವ್ಯವಸ್ಥೆ ಮಾಡಿಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಮೊದಲ ಉತ್ತರ: ನಾವು ಬ್ರಾಂಚ್‌ನ (ಕೋಡ್‌ನ ಪ್ರತ್ಯೇಕ ಕವಲಿನ) ಹೆಸರಿನಲ್ಲೇ ಟಿಕೆಟ್ ಸಂಖ್ಯೆ ಇರಬೇಕೆಂದು ಗೊತ್ತುಮಾಡಿಕೊಂಡು, ಅದನ್ನು ಅಲ್ಲಿಂದ ಎತ್ತಿಕೊಂಡು ಸಂದೇಶಕ್ಕೆ ಸೇರಿಸುವ ಕೆಲಸವನ್ನು ಪ್ರಿಪೇರ್-ಕಮಿಟ್-ಮೆಸೇಜ್ ಹುಕ್‌ಗೆ (ಹುಕ್ ಅಂದರೆ ಗಿಟ್ ತಾನಾಗಿ ಓಡಿಸುವ ಪುಟ್ಟ ಸ್ಕ್ರಿಪ್ಟ್) ವಹಿಸಿದ್ದೇವೆ. ಎಡಿಟರ್ ತೆರೆಯುವ ಮೊದಲೇ ಈ ಹುಕ್ ಓಡುವುದರಿಂದ ಬರೆಯುವವರ ಕಣ್ಣಿಗೆ ಸಂಖ್ಯೆ ಬೀಳುತ್ತದೆ, ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಹುಕ್ ಬರೆಯುವುದು ಹತ್ತು ಸಾಲಿನ ಕೆಲಸ, ಆದರೆ ಅದು ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿಯಲು ನಮಗೆ ತಿಂಗಳುಗಳೇ ಹಿಡಿದವು. ನಮ್ಮ ಮೊದಲ ಆವೃತ್ತಿ ಬ್ರಾಂಚ್‌ಗಳನ್ನು ಕೂಡಿಸುವ ಮರ್ಜ್ ಕಮಿಟ್‌ಗಳಿಗೂ ಸಂಖ್ಯೆ ಅಂಟಿಸುತ್ತಿತ್ತು, ಕೊನೆಯ ಕಮಿಟ್ಟನ್ನು ತಿದ್ದಲು ಅಮೆಂಡ್ ಮಾಡಿದಾಗಲೆಲ್ಲ ಅದೇ ಸಂಖ್ಯೆಯನ್ನು ಮತ್ತೊಮ್ಮೆ ಸೇರಿಸುತ್ತಿತ್ತು. ಗಿಟ್ ಈ ಹುಕ್‌ಗೆ ಕೊಡುವ ಎರಡನೆಯ ಆರ್ಗ್ಯುಮೆಂಟ್ (ಮಾಹಿತಿ) ಸಂದೇಶ ಎಲ್ಲಿಂದ ಬಂತೆಂದು ಹೇಳುತ್ತದೆ. ಅದು ಮರ್ಜ್, ಸ್ಕ್ವಾಶ್ (ಹಲವು ಕಮಿಟ್‌ಗಳನ್ನು ಒಂದಾಗಿಸಿದ್ದು) ಅಥವಾ ಕಮಿಟ್ (ಅಮೆಂಡ್‌ನಲ್ಲಿರುವಂತೆ ಹಳೆಯ ಕಮಿಟ್‌ನಿಂದ ಬಂದದ್ದು) ಎಂದಿದ್ದರೆ ಏನನ್ನೂ ಮುಟ್ಟದೆ ಹೊರಬರುವಂತೆ ಮಾಡಿದ ಮೇಲೆಯೇ ಕಾಟ ನಿಂತಿತು. ಕಮಿಟ್‌ಗಳನ್ನು ಬೇರೊಂದು ಬುಡದ ಮೇಲೆ ಮತ್ತೆ ಜೋಡಿಸುವ ರೀಬೇಸ್ ನಡೆಯುವಾಗ ಹೆಡ್ (ನಾವೀಗ ಎಲ್ಲಿದ್ದೇವೆಂದು ತೋರಿಸುವ ಗುರುತು) ಯಾವ ಬ್ರಾಂಚ್‌ಗೂ ಅಂಟಿಕೊಂಡಿರುವುದಿಲ್ಲ. ಆಗ ಬ್ರಾಂಚ್‌ನ ಹೆಸರು ಕೇಳುವ ಆಜ್ಞೆ ವಿಫಲವಾಗಿ, ಹುಕ್ ಸೊನ್ನೆಯಲ್ಲದ ಸಂಕೇತದೊಂದಿಗೆ ಮುಗಿದರೆ ಗಿಟ್ ಆ ಕಮಿಟ್ಟನ್ನೇ ಕೈಬಿಡುತ್ತದೆ. ಹೆಸರು ಸಿಗದಿದ್ದರೆ ಸೊನ್ನೆಯೊಂದಿಗೆ ಮುಗಿಯುವಂತೆ ದಯವಿಟ್ಟು ಮೊದಲೇ ಬರೆದುಕೊಳ್ಳಿ.

ಸಂಖ್ಯೆಯನ್ನು ಎಲ್ಲಿಡಬೇಕೆಂಬುದರಲ್ಲೂ ನನಗೆ ಖಚಿತ ಅಭಿಪ್ರಾಯವಿದೆ. ಸುಮಾರು 50 ಅಕ್ಷರಗಳಲ್ಲಿ ಮುಗಿಸಬೇಕಾದ ಶೀರ್ಷಿಕೆ ಸಾಲಿನಲ್ಲಿ ಅದು ಜಾಗ ತಿನ್ನುತ್ತದೆ, ಆದ್ದರಿಂದ ಸಂದೇಶದ ಕೊನೆಯಲ್ಲಿ ಟ್ರೇಲರ್ (ಹೆಸರು ಮತ್ತು ಮೌಲ್ಯ ಇರುವ ಪ್ರತ್ಯೇಕ ಸಾಲು) ಆಗಿ ಇಡುವುದೇ ಮೇಲು. ಗಿಟ್‌ನ ಇಂಟರ್‌ಪ್ರೆಟ್-ಟ್ರೇಲರ್ಸ್ ಆಜ್ಞೆ ಈ ಕೆಲಸಕ್ಕೆಂದೇ ಇದೆ, ಮತ್ತು ಆ ಟ್ರೇಲರ್ ಆಗಲೇ ಇದ್ದರೆ ಮತ್ತೆ ಸೇರಿಸಬೇಡವೆಂದೂ ಅದಕ್ಕೆ ಹೇಳಬಹುದು.

ಎರಡನೆಯ ಉತ್ತರ: ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಿಮ್ಮ ಟಿಕೆಟ್ ಸಂಖ್ಯೆ ಹ್ಯಾಶ್ (#) ಗುರುತಿನಿಂದ ಆರಂಭವಾಗುತ್ತಿದ್ದರೆ ಅದನ್ನು ಸಾಲಿನ ಮೊದಲಿಗೆ ಇಡಬೇಡಿ. ಎಡಿಟರ್‌ನಲ್ಲಿ ಬರೆದ ಸಂದೇಶದಲ್ಲಿ ಹಾಗೆ ಆರಂಭವಾಗುವ ಸಾಲನ್ನು ಗಿಟ್ ಟಿಪ್ಪಣಿಯೆಂದು ತಿಳಿದು ಅಳಿಸಿಹಾಕುತ್ತದೆ, ಆದರೆ ಆಜ್ಞೆಯ ಜೊತೆಗೇ ಕೊಟ್ಟ ಸಂದೇಶದಲ್ಲಿ ಅದು ಉಳಿಯುತ್ತದೆ. ನಮ್ಮಲ್ಲಿ ಕೆಲವರ ಕಮಿಟ್‌ಗಳಲ್ಲಿ ಮಾತ್ರ ಸಂಖ್ಯೆ ಮಾಯವಾಗುತ್ತಿದ್ದುದಕ್ಕೆ ಈ ವ್ಯತ್ಯಾಸವೇ ಕಾರಣವೆಂದು ತಿಳಿಯುವಷ್ಟರಲ್ಲಿ ಹುಕ್ಕನ್ನು ಮೂರು ಸಲ ತಿರುಗಿ ಬರೆದಾಗಿತ್ತು. ಹ್ಯಾಶ್‌ನ ಮುಂದೆ ಒಂದು ಪದ ಇಟ್ಟರೆ ಸಾಕು, ಇಲ್ಲವೇ ಕೋರ್ ಡಾಟ್ ಕಾಮೆಂಟ್‌ಚಾರ್ ಸೆಟ್ಟಿಂಗ್‌ನಲ್ಲಿ ಟಿಪ್ಪಣಿಯ ಗುರುತನ್ನೇ ಬದಲಿಸಬಹುದು.

ಮೂರನೆಯ ಉತ್ತರ: ಹುಕ್ ಎಷ್ಟೇ ಚೆನ್ನಾಗಿದ್ದರೂ ಎಲ್ಲರ ಯಂತ್ರದಲ್ಲಿ ಇಲ್ಲದಿದ್ದರೆ ಉಪಯೋಗವಿಲ್ಲ. ರೆಪೊಸಿಟರಿಯನ್ನು (ಕೋಡ್‌ನ ಸಂಗ್ರಹವನ್ನು) ಕ್ಲೋನ್ ಮಾಡಿದಾಗ, ಅಂದರೆ ನಮ್ಮ ಯಂತ್ರಕ್ಕೆ ನಕಲಿಸಿಕೊಂಡಾಗ, ಹುಕ್‌ಗಳು ಜೊತೆಗೆ ಬರುವುದಿಲ್ಲ. 2016ರಲ್ಲಿ ಬಂದ ಗಿಟ್ 2.9ರಿಂದ ಕೋರ್ ಡಾಟ್ ಹುಕ್ಸ್‌ಪಾತ್ ಎಂಬ ಸೆಟ್ಟಿಂಗ್ ಇರುವುದರಿಂದ, ಹುಕ್‌ಗಳನ್ನು ಕೋಡ್ ಜೊತೆಗೇ ಒಂದು ಫೋಲ್ಡರ್‌ನಲ್ಲಿಟ್ಟು ಅದರತ್ತ ತೋರಿಸಬಹುದು. ಆ ಸೆಟ್ಟಿಂಗ್ ಕೂಡ ಕ್ಲೋನ್‌ನಲ್ಲಿ ಬರುವುದಿಲ್ಲವಾದ್ದರಿಂದ, ಪ್ರಾಜೆಕ್ಟ್ ಸಿದ್ಧಪಡಿಸುವ ಸ್ಕ್ರಿಪ್ಟ್‌ನಲ್ಲೇ ಅದನ್ನು ಸೇರಿಸಿದ್ದೇವೆ.

ತಪಾಸಣೆಯನ್ನು ಮಾತ್ರ ಬರೆಯುವವರ ಯಂತ್ರಕ್ಕೆ ಬಿಡಬೇಡಿ, ಏಕೆಂದರೆ ಕಮಿಟ್ ಆಜ್ಞೆಗೆ ನೋ-ವೆರಿಫೈ ಎಂದು ಸೇರಿಸಿದರೆ, ಬರೆದ ಸಂದೇಶವನ್ನು ಪರೀಕ್ಷಿಸುವ ಕಮಿಟ್-ಮೆಸೇಜ್ ಹುಕ್ ಓಡುವುದೇ ಇಲ್ಲ. ಸರ್ವರ್ ನಿಮ್ಮ ಕೈಯಲ್ಲಿದ್ದರೆ ಕಮಿಟ್‌ಗಳನ್ನು ಸರ್ವರ್ ಒಪ್ಪಿಕೊಳ್ಳುವ ಮೊದಲು ಓಡುವ ಪ್ರಿ-ರಿಸೀವ್ ಹುಕ್‌ನಲ್ಲಿ, ಇಲ್ಲದಿದ್ದರೆ ಮರ್ಜ್‌ಗೆ ಮೊದಲು ಓಡುವ ಸಿಐ (ತಾನಾಗಿ ನಡೆಯುವ ಪರೀಕ್ಷೆಗಳ) ಹಂತದಲ್ಲಿ ಪರೀಕ್ಷಿಸಿ. ಸಂಖ್ಯೆಯ ಆಕಾರವನ್ನಷ್ಟೇ ನೋಡದೆ ಆ ಟಿಕೆಟ್ ನಿಜವಾಗಿ ಇದೆಯೇ, ಇನ್ನೂ ತೆರೆದಿದೆಯೇ ಎಂದು ಟ್ರ್ಯಾಕರ್ ಅನ್ನು ಕೇಳಿದರೆ, ನೀವು ಹೇಳಿದ ಹಳೆಯ ಸಂಖ್ಯೆಯ ತಪ್ಪೂ ಬಹುಮಟ್ಟಿಗೆ ಅಲ್ಲೇ ಸಿಕ್ಕಿಬೀಳುತ್ತದೆ.