ಕಳಶಗಿತ್ತಿ ಬದಲಾದರೆ

"ಅಲ್ಲ ಕಣೋ, ಬ್ಯಾಲೆಟ್ ಅಚ್ಚಾಗಿ ಹೋದ ಮೇಲೆ ಉಪಾಧ್ಯಕ್ಷ ಅಭ್ಯರ್ಥಿಯೇ ಬದಲಾದರೆ ಏನು ಗತಿ?" ಸೀನ ಕೇಳಿದ್ದು ಅಮೆರಿಕದ ವಿಚಾರ. ಮಗ ಒಹಾಯೋ ಸೇರಿದಾಗಿನಿಂದ ಅವನಿಗೆ ಪೆನ್ಸಿಲ್ವೇನಿಯಾದ ಕೌಂಟಿಗಳೆಲ್ಲ ಬಾಯಿಪಾಠ.

"ಮೊದಲು ನಮ್ಮ ವಾರ್ಡಿನ ಕಾರ್ಪೊರೇಟರ್ ಹೆಸರು ಹೇಳು," ಅಂದ ನಾಣಿ.

"ಬೆಂಗಳೂರಲ್ಲಿ ಎಲ್ಲಿಯ ಕಾರ್ಪೊರೇಟರ್? ಅವರ ಅವಧಿ 2020ರ ಸೆಪ್ಟೆಂಬರಿಗೇ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೇನೇ ಮಾಡಲಿಲ್ಲವಲ್ಲ!"

"ಇಲ್ಲಿ ಬ್ಯಾಲೆಟ್ಟೇ ಇಲ್ಲದಾಗ ಗೊರಕೆ ಹೊಡೆದೆ. ಅಲ್ಲಿ ಬ್ಯಾಲೆಟ್ ಅಚ್ಚಾಯಿತು ಅಂತ ನಿದ್ದೆಗೆಟ್ಟು ಕೂತಿದ್ದೀಯ."

ಪದ್ದಕ್ಕ ಕಾಫಿ ತಂದಿಟ್ಟರು. "ಅದಿರಲಿ, ಈ ಉಪಾಧ್ಯಕ್ಷನಿಗೆ ಏನು ಕೆಲಸ?"

"ಕಳಶಗಿತ್ತಿ ಕೆಲಸ, ಪದ್ದಕ್ಕ. ಮದುಮಗನ ಪಕ್ಕ ಕಳಶ ಹಿಡಿದು ನಿಲ್ಲೋದು. ಎಲ್ಲ ಫೋಟೋದಲ್ಲೂ ಇರಬೇಕು, ಯಾರೂ ಗುರುತು ಹಿಡಿಯಬಾರದು. ನಮ್ಮವರು ಲಗ್ನಪತ್ರಿಕೆಯಲ್ಲಿ ಕಳಶಗಿತ್ತಿ ಹೆಸರು ಹಾಕಿಸಲ್ಲ, ಅವರು ಹಾಕಿಸ್ತಾರೆ. ಎಡವಟ್ಟು ಅಲ್ಲೇ."

ಸೀನ ಬಿಡಲಿಲ್ಲ. "1972ರಲ್ಲಿ ಅಧ್ಯಕ್ಷಗಿರಿಗೆ ನಿಂತಿದ್ದ ಮೆಕ್‌ಗವರ್ನ್ ಹದಿನೆಂಟೇ ದಿನಕ್ಕೆ ತನ್ನ ಉಪಾಧ್ಯಕ್ಷ ಅಭ್ಯರ್ಥಿ ಈಗಲ್ಟನ್‌ನನ್ನ ಇಳಿಸಿ ಶ್ರೈವರ್‌ನನ್ನ ತಂದ. ಈಗಲ್ಟನ್‌ಗೆ ಹಿಂದೆ ಖಿನ್ನತೆಗೆ ಶಾಕ್ ಚಿಕಿತ್ಸೆ ಆಗಿತ್ತು ಅನ್ನೋದು ಹೊರಬಿತ್ತು. ಮೆಕ್‌ಗವರ್ನ್ ಮೊದಲು ಸಾವಿರ ಪರ್ಸೆಂಟ್ ಬೆನ್ನಿಗಿದ್ದೀನಿ ಅಂದಿದ್ದ."

"ಬೆನ್ನಿಗೆ ನಿಂತವನೇ ತಾನೆ ತಳ್ಳೋಕಾಗೋದು?"

"ಅದು ಜುಲೈ, ಇನ್ನೂ ಅಚ್ಚಿಗೆ ಟೈಮಿತ್ತು. ಆದರೆ 1912 ನೋಡು. ಅಧ್ಯಕ್ಷ ಟಾಫ್ಟ್ ಜೊತೆ ಮತ್ತೆ ನಿಂತಿದ್ದ ಉಪಾಧ್ಯಕ್ಷ ಶರ್ಮನ್ ಮತದಾನಕ್ಕೆ ಆರು ದಿನ ಇರುವಾಗ ತೀರಿಕೊಂಡ. ಹೆಸರು ಬ್ಯಾಲೆಟ್ಟಲ್ಲೇ ಉಳೀತು."

"ಸತ್ತವನಿಗೆ ವೋಟು ಹಾಕಿದರೇ?" ಪದ್ದಕ್ಕ ಕಣ್ಣರಳಿಸಿದರು.

"34 ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ ಗುರುತು ಹಾಕೋದು ಹೆಸರಿಗೆ, ವೋಟು ಸೇರೋದು ಎಲೆಕ್ಟರುಗಳಿಗೆ, ಅಂದರೆ ಆಯಾ ರಾಜ್ಯದ ಪ್ರತಿನಿಧಿಗಳಿಗೆ. ಅವರು ಆಮೇಲೆ ಕೂತು ನಿಜವಾದ ವೋಟು ಹಾಕ್ತಾರೆ. ಟಾಫ್ಟ್ ಗೆದ್ದದ್ದು ಯೂಟಾ, ವರ್ಮಾಂಟ್ ಎರಡೇ, ಎಲೆಕ್ಟರುಗಳು ಎಂಟೇ ಜನ. ಆ ಎಂಟೂ ಜನ ಉಪಾಧ್ಯಕ್ಷ ಸ್ಥಾನಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್‌ಗೆ ಹಾಕಿದರು."

ಸೀನನ ಮಾತು ಇಷ್ಟು ನೆಟ್ಟಗಿರುವುದು ಅಪರೂಪ. ಮಗ ಫೋನಿನಲ್ಲಿ ತಿದ್ದಿರಬೇಕು.

"ಪತ್ರಿಕೆಯಲ್ಲಿ ಹೆಸರು ಒಬ್ಬಳದು, ಕಳಶ ಹಿಡಿದವಳು ಇನ್ನೊಬ್ಬಳು, ಮದುವೆಯಂತೂ ಆಗಲಿಲ್ಲ," ಅಂದ ನಾಣಿ.

ವಾಸು ಮಾಮ ಪೇಪರಿನಿಂದ ತಲೆ ಎತ್ತಿದರು. "ನಮ್ಮಲ್ಲಿ ಹಾಗಿಲ್ಲಪ್ಪ. 2018ರಲ್ಲಿ ಜಯನಗರದ ಬಿಜೆಪಿ ಅಭ್ಯರ್ಥಿ ವಿಜಯಕುಮಾರ್ ತೀರಿಹೋದಾಗ ಮತದಾನಾನೇ ಜೂನ್‌ಗೆ ಮುಂದಕ್ಕೆ ಹಾಕಿದರು."

"ನಮಗೆ ಮುಂದಕ್ಕೆ ಹಾಕೋದು ಯಾರೂ ಕಲಿಸಬೇಕಾಗಿಲ್ಲ ಮಾಮ. ಆದರೆ ಸೀನ, ನಿನ್ನ ಪಟ್ಟಿಯಲ್ಲಿ ಸ್ಟಾಕ್‌ಡೇಲ್ ಬರಲೇ ಇಲ್ಲವಲ್ಲ?"

ಸೀನ ಮೊಬೈಲಿಗೆ ಕೈ ಹಾಕಿದ. ನಾಣಿ ಕಾಯಲಿಲ್ಲ.

"1992. ರಾಸ್ ಪೆರೋ ಅಂತ ಶ್ರೀಮಂತ, ಪಕ್ಷವಿಲ್ಲದೆ ಅಧ್ಯಕ್ಷಗಿರಿಗೆ ನಿಂತ. ಎಷ್ಟೋ ರಾಜ್ಯಗಳಲ್ಲಿ ಅರ್ಜಿ ಹಾಕೋಕೇ ಜೊತೆಗೊಂದು ಹೆಸರು ಬೇಕು. ಸದ್ಯಕ್ಕೆ ನಿನ್ನದೊಂದು ಇರಲಿ, ಆಮೇಲೆ ಬದಲಾಯಿಸೋಣ ಅಂತ ಗೆಳೆಯ ಸ್ಟಾಕ್‌ಡೇಲ್ ಹೆಸರು ಬರೆಸಿದ. ಜುಲೈನಲ್ಲಿ ಪೆರೋ ಮದುವೇನೇ ಬೇಡ ಅಂತ ಎದ್ದುಹೋದ. ಅಕ್ಟೋಬರ್ ಒಂದಕ್ಕೆ ಬಾಸಿಂಗ ಕಟ್ಟಿಕೊಂಡು ವಾಪಸ್ ಬಂದ. ಅಷ್ಟರಲ್ಲಿ ಪತ್ರಿಕೆ ಅಚ್ಚಾಗಿತ್ತು."

"ಕಳಶ?"

"ಸ್ಟಾಕ್‌ಡೇಲ್ ಕೈಯಲ್ಲೇ. ಹದಿಮೂರನೇ ತಾರೀಕು ಉಳಿದಿಬ್ಬರು ಕಳಶಗಿತ್ತಿಯರಾದ ಅಲ್ ಗೋರ್, ಡ್ಯಾನ್ ಕ್ವೇಲ್ ಜೊತೆ ಟಿವಿ ಚರ್ಚೆಗೆ ನಿಲ್ಲಿಸಿದರು. ಬಾಯಿ ತೆರೀತಿದ್ದ ಹಾಗೇ ಕೇಳಿದ: ನಾನು ಯಾರು? ನಾನ್ಯಾಕೆ ಇಲ್ಲಿದ್ದೀನಿ?"

ಪದ್ದಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅದು ನಮ್ಮನೆಯವರು ದಿನಾ ಕೇಳಬೇಕಾದ ಪ್ರಶ್ನೆ."

"ಜನಾನೂ ಹೀಗೇ ನಕ್ಕರು. ಒಂದು ಪ್ರಶ್ನೆ ಕೇಳಿಸಲಿಲ್ಲ, ಕಿವಿಯ ಮಿಷನ್ ಆಫ್ ಆಗಿತ್ತು ಅಂದ. ಇನ್ನೂ ನಕ್ಕರು. ಆ ಮನುಷ್ಯ ವಿಯಟ್ನಾಮಿನಲ್ಲಿ ಏಳು ವರ್ಷಕ್ಕೂ ಮೇಲೆ ಯುದ್ಧಕೈದಿ ಆಗಿದ್ದವನು. ಕ್ಯಾಮೆರಾ ಮುಂದೆ ಮೆರವಣಿಗೆ ಮಾಡಿಸಬಾರದು ಅಂತ ತನ್ನ ಮುಖ ತಾನೇ ಸ್ಟೂಲಿನಿಂದ ಜಜ್ಜಿಕೊಂಡವನು. ಅಂಥವನನ್ನ ಸದ್ಯಕ್ಕೆ ಅಂತ ಕರೆದು ಕೊನೆಗೆ ಕ್ಯಾಮೆರಾ ಮುಂದೇ ನಿಲ್ಲಿಸಿದರು."

ಪದ್ದಕ್ಕ ಸೆರಗು ಬಿಟ್ಟರು.

"ಸದ್ಯಕ್ಕೆ," ಅಂದರು ವಾಸು ಮಾಮ. "ನಾನೂ ರಿಟೈರ್ ಆಗೋವರೆಗೆ ಪ್ರಭಾರ ಹೆಡ್‌ಮಾಸ್ಟರೇ. ರೂಮಿನಲ್ಲಿ ಒಂದು ಹಲಗೆ, ಬಿಳಿ ಪೇಂಟಲ್ಲಿ ಹೆಸರು, 'ಇಂದ', 'ವರೆಗೆ'. ಕಾಯಂ ಆದವರು ಬರಲಿ, ಬರೆಸೋಣ ಅಂತ ನನ್ನದು ಬಿಟ್ಟರು. ಈಗ ಹೋಗಿ ನೋಡಿದರೆ ಹಿಂದಿನವರ 'ವರೆಗೆ'ಗೂ ಮುಂದಿನವರ 'ಇಂದ'ಕ್ಕೂ ನಡುವೆ ಶಾಲೆ ತನ್ನಷ್ಟಕ್ಕೆ ನಡೆದ ಹಾಗಿದೆ."

"ಅಮೆರಿಕದಲ್ಲಾಗಿದ್ದರೆ ನಿಮ್ಮ ಹೆಸರು ಐವತ್ತು ರಾಜ್ಯದಲ್ಲೂ ಅಚ್ಚಾಗ್ತಿತ್ತು ಮಾಮ," ಅಂದ ಸೀನ.

"ಟಿವಿಯಲ್ಲಿ ನಿಲ್ಲಿಸಿ ನಗ್ತಾನೂ ಇದ್ದರು," ಅಂದ ನಾಣಿ.

"ನಗಲಿ ಬಿಡಪ್ಪ," ಅಂದರು ವಾಸು ಮಾಮ, "ಹೆಸರು ಹಿಡಿದು ನಗ್ತಿದ್ದರಲ್ಲ."